ಗ್ರಾಮೀಣ ಆರೋಗ್ಯ ಸೇವೆ ಮತ್ತು ಸಹಕಾರ ಸಂಘದ ಹೊಣೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ಆರೋಗ್ಯದ ಬಗ್ಗೆ ಎರಡು ಮಾತಾಡಿ ಎಂದು ಆಡಳಿತ ಮಂಡಳಿಯವರು ನಮಗೆ ಹೇಳಿದ್ದಾರೆ. ನಾವು ಡಾಕ್ಟರಲ್ಲ. ಓದಿದ್ದು ಎಸ್ಸೆಸ್ಸೆಲ್ಸಿ, ಮಾಡುವುದು ಬೇಸಾಯ, ಕಟ್ಟಿರುವುದು ಮೂರು ಹಸು. ಆದ್ದರಿಂದ ಔಷಧಿಯ ವಿಷಯ ಮಾತಾಡುವುದಿಲ್ಲ. ಆಸ್ಪತ್ರೆಯ ಕೆಲಸ ಚೆನ್ನಾಗಿ ನಡೆಯಬೇಕಾದರೆ ಏನು ಬೇಕು, ಅದರಲ್ಲಿ ನಮ್ಮ ಪಾಲೇನು ಎಂಬುದನ್ನಷ್ಟೇ ಹೇಳುತ್ತೇವೆ. ಸಂಘ ನಡೆಸಿದವರಿಗೆ ಅಷ್ಟು ಮಾತ್ರ ಗೊತ್ತಾಗುತ್ತದೆ.

ಸಂಘ ಶುರುವಾದಾಗ ನಮಗೆ ಇಪ್ಪತ್ತರ ಆಸುಪಾಸು. ಆಗಿನಿಂದ ಇವತ್ತಿನವರೆಗೆ ಡೈರಿಯಲ್ಲಿ ಒಂದು ಹೊತ್ತು ಅಳತೆ ತಪ್ಪಿಲ್ಲ. ಯಾರ ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು, ಎಲ್ಲಾ ಪುಸ್ತಕದಲ್ಲಿ ಬರೆದಿದೆ. ಒಂದು ಹಸು ಎರಡು ದಿನ ಹಾಲು ಕಮ್ಮಿ ಕೊಟ್ಟರೆ ಕಾರ್ಯದರ್ಶಿಗಳೇ "ಯಾಕಪ್ಪಾ, ಹಸೀಗೆ ಏನಾಗೈತೆ?" ಅಂತ ಕೇಳುತ್ತಾರೆ.

ನಮ್ಮ ಹಿರಿಯ ಸದಸ್ಯರೊಬ್ಬರು ಎಷ್ಟೋ ವರ್ಷ ಇದೇ ಕಿಟಕಿಗೆ ಹಾಲು ಹಾಕಿದರು. ಅವರ ಹಾಲನ್ನು ಸಾವಿರಾರು ಸಲ ಪರೀಕ್ಷೆ ಮಾಡಿದ್ದೇವೆ. ಅವರ ಬಿಪಿಯನ್ನು ನೋಡಿದವರು ಯಾರು? ಒಮ್ಮೆ ಆಸ್ಪತ್ರೆಯಲ್ಲಿ ನೋಡಿ ಗುಳಿಗೆ ಕೊಟ್ಟಿದ್ದರಂತೆ. ಎರಡು ತಿಂಗಳು ನುಂಗಿ, "ತಲೆ ತಿರುಗೋದು ನಿಂತೈತೆ, ಇನ್ಯಾಕೆ" ಎಂದು ಬಿಟ್ಟರು. ಯಾಕೆ ಬಿಟ್ಟಿರಿ ಎಂದು ಕೇಳುವವರಿರಲಿಲ್ಲ. ಒಂದು ದಿನ ಬೆಳಗ್ಗೆ ಕ್ಯಾನು ಕೈಯಿಂದ ಜಾರಿತು. ಲಕ್ವ ಹೊಡೆದಿತ್ತು. ಮೊದಲು ಚಿತ್ರದುರ್ಗ, ಆಮೇಲೆ ಇನ್ನೂ ದೊಡ್ಡ ಊರು. ಎರಡು ಹಸು ಮಾರಿದರು. ಮುಂಗಡದ ಚೀಟಿಗೆ ರುಜು ಹಾಕಿದ್ದು ನಾವೇ. ರುಜು ಹಾಕುವಾಗ ನಮಗೆ ನಾಚಿಕೆಯಾಯಿತು. ಹಸುವಿನ ಲೆಕ್ಕ ಇಟ್ಟ ಸಂಘ ಮನುಷ್ಯರ ಲೆಕ್ಕ ಇಡಲಿಲ್ಲವಲ್ಲ ಎನ್ನಿಸಿತು.

ಆಮೇಲೆ ಮುಂಗಡದ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದೆವು. ಮದುವೆ, ಬೋರ್‌ವೆಲ್ಲು, ಮಕ್ಕಳ ಫೀಜು ಎಲ್ಲಾ ಇದೆ. ಆದರೆ ಪುಟ ಪುಟದಲ್ಲೂ ಕಾಣುವ ಕಾರಣ ಒಂದೇ: 'ಆಸ್ಪತ್ರೆ ಖರ್ಚು'.

ಸಹಕಾರಿಗಳು ಈ ವಿಷಯದಲ್ಲಿ ಸುಮ್ಮನೆ ಕೂತವರಲ್ಲ. ನಮ್ಮ ರಾಜ್ಯದ ಯಶಸ್ವಿನಿ ಯೋಜನೆಗೆ 2002ರ ನವೆಂಬರ್‌ನಲ್ಲಿ ಚಾಲನೆ ಸಿಕ್ಕಿ, 2003ರ ಜೂನ್‌ನಿಂದ ಅದು ಜಾರಿಗೆ ಬಂತು. ಹೃದಯದ ಡಾಕ್ಟರು ದೇವಿ ಶೆಟ್ಟಿಯವರ ಆಲೋಚನೆ ಅದರ ಹಿಂದಿತ್ತು. ಮೊದಲ ವರ್ಷ ತಲೆಗೆ 60 ರೂಪಾಯಿ. ಸಹಕಾರ ಸಂಘದ ರೈತ ಸದಸ್ಯನಿಗೆ ದೊಡ್ಡ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಆಗುವಂತಾಯಿತು. 2018ರಲ್ಲಿ ಅದನ್ನು ಬೇರೆ ಯೋಜನೆಗೆ ಸೇರಿಸಿದರು. ಸಹಕಾರಿಗಳು ಬಿಡದೆ ಕೇಳಿದ ಮೇಲೆ 2022ರಲ್ಲಿ ಮತ್ತೆ ಆರಂಭಿಸಿದರು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ಆಗ ವರ್ಷಕ್ಕೆ 500 ರೂಪಾಯಿ ಇಟ್ಟರು. ಒಳ್ಳೆಯ ಕೆಲಸ, ನೋಂದಣಿಗೆ ಕರೆದಾಗ ತಪ್ಪಿಸಬೇಡಿ.

ಆದರೆ ಒಂದು ಮಾತು. ಯಶಸ್ವಿನಿ ಇರುವುದು ಆಪರೇಷನ್ನಿನಂಥ ದೊಡ್ಡ ಚಿಕಿತ್ಸೆಗೆ. ಬಿಪಿಯ ಗುಳಿಗೆ ದಿನಾ ನುಂಗುವಂತೆ ನೋಡಿಕೊಳ್ಳುವುದು ಅದರ ಕೆಲಸವಲ್ಲ. ಗದ್ದೆಗೆ ನೀರು ನುಗ್ಗಿದ ಮೇಲೆ ಪರಿಹಾರ ಕೊಡುವುದು ಬೇರೆ, ಮೊದಲೇ ಬದು ಹಾಕುವುದು ಬೇರೆ. ಬದು ಹಾಕುವ ಕೆಲಸ ಪ್ರಾಥಮಿಕ ಆರೋಗ್ಯ ಕೇಂದ್ರದ್ದು.

ಈ ಕೇಂದ್ರದ ಹೊರೆ ಎಷ್ಟು ನೋಡಿ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಲೆಕ್ಕ. ಎಷ್ಟೋ ಕಡೆ ಡಾಕ್ಟರು ಒಬ್ಬರೇ. ಜ್ವರ, ಕೆಮ್ಮು, ಗಾಯ, ಬಸುರಿಯರು, ಕೂಸುಗಳ ಚುಚ್ಚುಮದ್ದು ಎಲ್ಲಾ ಅವರ ತಲೆಗೆ. ಮೀಟಿಂಗು, ತರಬೇತಿ ಅಂತ ಹೋದರೆ ಅವತ್ತು ಬಂದವರು ಬೈದುಕೊಂಡು ವಾಪಸ್ಸು. ಓದು ಮುಗಿಸಿದ ವೈದ್ಯರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ನಮ್ಮ ರಾಜ್ಯ 2012ರಲ್ಲಿ ಕಾನೂನು ಮಾಡಿತು. ಹಾಗೆ ಬಂದ ಹುಡುಗ ಡಾಕ್ಟರಿಗೆ ನಮ್ಮೂರಿನವರ ಹೆಸರು ಗೊತ್ತಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ. ಹಾಗಾದರೆ ಊರಿನ ರೋಗದ ನೆನಪು ಎಲ್ಲಿರಬೇಕು? ಪುಸ್ತಕದಲ್ಲಿರಬೇಕು. ನಮ್ಮ ಸಂಘದಲ್ಲಿ ಕಾರ್ಯದರ್ಶಿ ಬದಲಾದರೂ ಬಟವಾಡೆ ನಿಲ್ಲಲಿಲ್ಲ. ಯಾಕೆ? ಲೆಡ್ಜರು ಸರಿ ಇತ್ತು.

ಆರೋಗ್ಯ ಶಿಬಿರಕ್ಕೆ ಬಂದಿದ್ದ ವೈದ್ಯರೊಬ್ಬರಿಗೆ ಈ ಮಾತು ಹೇಳಿದಾಗ ಅವರು ನಕ್ಕು, ಇದನ್ನೇ ಮಾಡಿ ತೋರಿಸಿದ ಡಾಕ್ಟರೊಬ್ಬರಿದ್ದರು ಎಂದರು. ಬ್ರಿಟನ್ನಿನ ವೇಲ್ಸ್ ನಾಡಿನಲ್ಲಿ ಕಲ್ಲಿದ್ದಲು ಅಗೆಯುವವರ ಗ್ಲಿನ್‌ಕೊರೂಗ್ ಎಂಬ ಹಳ್ಳಿ. ಅಲ್ಲಿಯ ಡಾಕ್ಟರು ಜೂಲಿಯನ್ ಟ್ಯೂಡರ್ ಹಾರ್ಟ್. ಕಾಯಿಲೆ ಬಿದ್ದು ಬರಲಿ ಎಂದು ಕಾಯದೆ 1968ರಿಂದ ಊರಿನ ವಯಸ್ಕರ ಬಿಪಿಯನ್ನೆಲ್ಲಾ ನೋಡಿ ಬರೆಯಲು ಹಿಡಿದರು. ತಪ್ಪಿಸಿಕೊಂಡವರನ್ನು ಹುಡುಕಿ ಕರೆಸಿದರು. ಎಲ್ಲಿ ವೈದ್ಯದ ಅಗತ್ಯ ಹೆಚ್ಚೋ ಅಲ್ಲೇ ಒಳ್ಳೆಯ ವೈದ್ಯ ಕಮ್ಮಿ ಎಂದು 1971ರಲ್ಲಿ ಬರೆದವರೂ ಇವರೇ. ಅವರ ಇಪ್ಪತ್ತೈದು ವರ್ಷದ ಲೆಕ್ಕ 1991ರಲ್ಲಿ ಅಚ್ಚಾಯಿತು. ಅರವತ್ತೈದರ ಒಳಗೆ ಸಾಯುವವರು ಆ ಊರಲ್ಲಿ ಪಕ್ಕದ ಊರಿಗಿಂತ ಕಮ್ಮಿಯಾಗಿದ್ದರು. ಅವರದೂ ಒಂದು ಬೆಳ್ಳಿಹಬ್ಬವೇ ಅನ್ನಿ.

ದೂರದ ಮಾತು ಯಾಕೆ, ನಮ್ಮ ಚಾಮರಾಜನಗರದ ಕಡೆಯೇ ಡಾ. ಸುದರ್ಶನ್ ಅವರಿದ್ದಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ ಕೆಲಸ ಮಾಡಿದವರು. ಅವರ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ನಡೆಸಲು ವಹಿಸಿಕೊಂಡಿತು. ಹಳ್ಳಿ ಆಸ್ಪತ್ರೆಯೂ ಚೆನ್ನಾಗಿ ನಡೆಯುತ್ತದೆ, ನಡೆಸುವವರಿದ್ದರೆ.

ಇನ್ನು ನಮ್ಮ ತಪ್ಪನ್ನೂ ಹೇಳಬೇಕು. "ಸೂಜಿ ಹಾಕದ ಡಾಕ್ಟ್ರು ಡಾಕ್ಟ್ರೇ ಅಲ್ಲ" ಎನ್ನುವವರು ನಾವೇ. ಸುಸ್ತಾದರೆ ಗ್ಲೂಕೋಸ್ ಬಾಟ್ಲಿ ಹಾಕಿ ಎನ್ನುತ್ತೇವೆ. ಮೂರು ದಿನದ ಗುಳಿಗೆ ಒಂದೂವರೆ ದಿನಕ್ಕೆ ನಿಲ್ಲಿಸುತ್ತೇವೆ. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಅದರಿಂದ ಹಲ್ಲು ಕಂದುತ್ತದೆ, ಕೀಲು ಹಿಡಿಯುತ್ತದೆ. ಅದಕ್ಕೆ ಅಂಗಡಿಯಿಂದ ನೋವಿನ ಗುಳಿಗೆ ತಂದು ವರ್ಷಗಟ್ಟಲೆ ನುಂಗುವವರಿದ್ದಾರೆ. ಆ ಗುಳಿಗೆ ಕಿಡ್ನಿಗೆ ಪೆಟ್ಟು ಎಂದು ಡಾಕ್ಟರು ಹೇಳುತ್ತಾರೆ. ಮೊದಲು ಕುಡಿಯುವ ನೀರು ಬದಲಾಯಿಸಿ.

ಸರಿ, ಸಂಘ ಏನು ಮಾಡಿತು? ಮಹಾಸಭೆಯ ಒಪ್ಪಿಗೆ ಪಡೆದು ಒಂದು ಬಿಪಿ ಯಂತ್ರ ಕೊಂಡೆವು. ತಿಂಗಳಿಗೊಂದು ದಿನ, ಬೆಳಗಿನ ಹಾಲು ಮುಗಿದ ಮೇಲೆ, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಯವರೂ ಆಶಾ ಕಾರ್ಯಕರ್ತೆಯೂ ಡೈರಿಯ ಕಟ್ಟೆಗೆ ಬರುತ್ತಾರೆ. ಮೂವತ್ತು ದಾಟಿದವರ ಬಿಪಿ, ಸಕ್ಕರೆ ನೋಡುತ್ತಾರೆ. ಹಾಲಿನ ಪಾಸ್‌ಬುಕ್ಕಿನ ಜೊತೆಗೇ ಒಂದು ಕಾರ್ಡು. ಆಸ್ಪತ್ರೆಗೆ ಹೋಗಿ ಎಂದರೆ ಅರ್ಧ ದಿನದ ಕೂಲಿ ಹೋಗುತ್ತದೆ. ಹಾಲು ಹಾಕಲು ಹೇಗೂ ಬಂದೇ ಬರುತ್ತೀರಿ. ಗುಳಿಗೆ ಸರ್ಕಾರದ್ದೇ, ಕಾಸು ಕೊಡಬೇಕಾಗಿಲ್ಲ.

ಮೊದಲ ತಿಂಗಳು ಒಂದು ತಪ್ಪು ಮಾಡಿದೆವು. ಬಿಪಿ, ಸಕ್ಕರೆ ಇದ್ದವರ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದೆವು, ಹಾಲಿನ ಪಟ್ಟಿ ಅಂಟಿಸುವ ಹಾಗೆ. ಸಂಜೆ ಹೊತ್ತಿಗೆ ಒಬ್ಬ ತಾಯಿ ಬಂದು, "ಮಗಳ ಸಂಬಂಧ ಮಾತಾಡ್ತಾ ಇದೀವಿ, ಮನೇಲಿ ಸಕ್ಕರೆ ಕಾಯಿಲೆ ಐತೆ ಅಂತ ಊರಿಗೆಲ್ಲಾ ಸಾರಿದ್ರಲ್ಲಪ್ಪಾ" ಎಂದು ಕಣ್ಣೀರು ಹಾಕಿದರು. ಅವತ್ತೇ ಪಟ್ಟಿ ಕಿತ್ತೆವು, ಅವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದೆವು. ಈಗ ಪುಸ್ತಕ ಆರೋಗ್ಯಾಧಿಕಾರಿಗಳ ಹತ್ತಿರವೇ ಇರುತ್ತದೆ. ತಪ್ಪಿಸಿದವರ ಮನೆಗೆ ಆಶಾ ತಾಯಿ ಸುಮ್ಮನೆ ಹೋಗಿ ವಿಚಾರಿಸುತ್ತಾರೆ. ಲೆಕ್ಕ ಬೇಕು, ಮಾನವೂ ಬೇಕು.

ಇನ್ನೊಂದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂದಮೇಲೆ ಇಂಥ ಸಮಿತಿಗಳಿಗೆ ಬಲ ಬಂತು. ಜನಪ್ರತಿನಿಧಿಗಳೂ ಊರಿನವರೂ ಅದರಲ್ಲಿರುತ್ತಾರೆ. ಆ ಸಭೆಗೆ ಹೋದವರು ಡಾಕ್ಟರ ಮೇಲೆ ಕೂಗಾಡಬಾರದು. ನಾಲ್ಕು ಪ್ರಶ್ನೆ ಕೇಳಿ ಬರೆಸಿದರೆ ಸಾಕು: ಬಿಪಿ, ಸಕ್ಕರೆಯ ಗುಳಿಗೆ ಎಷ್ಟು ದಿನಕ್ಕೆ ಇದೆ? ಹಾವಿನ ವಿಷಕ್ಕೆ ಔಷಧಿ ಇದೆಯೇ? ಹೆಣ್ಣುಮಕ್ಕಳಿಗೆ ಶೌಚಾಲಯ, ನೀರು ಇದೆಯೇ? ಡಾಕ್ಟರು ಇಲ್ಲದ ದಿನ ಯಾವುದೆಂದು ಮೊದಲೇ ಬಾಗಿಲಿಗೆ ಬರೆದು ಹಾಕುತ್ತಾರೆಯೇ? ಮುಂದಿನ ಸಭೆಯಲ್ಲಿ ಹಿಂದಿನ ಸಭೆಯ ನಡವಳಿ ಓದಿಸಿ. ಅರ್ಧ ಕೆಲಸ ಅಲ್ಲೇ ಆಗುತ್ತದೆ.

ಹಾವಿನ ಮಾತು ಬಂತು. ಶೇಂಗಾ ಕೀಳುವ ಕಾಲದಲ್ಲಿ ನಮ್ಮಲ್ಲಿ ಹಾವಿನ ಭಯ ಇದ್ದದ್ದೇ. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಮಂತ್ರ ಹಾಕಿಸುತ್ತಾ ಹೊತ್ತು ಕಳೆಯಬೇಡಿ. ಕಚ್ಚಿದ ಕೈ ಕಾಲು ಅಲ್ಲಾಡಿಸದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಹೋಗಿ. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕೆಂದು ಆದೇಶ ಮಾಡಿತು. ಲೆಕ್ಕ ಇದ್ದರೆ ಔಷಧಿ ಎಲ್ಲಿ ಎಷ್ಟು ಬೇಕೆಂದು ತಿಳಿಯುತ್ತದೆ. ಅದೂ ಲೆಕ್ಕದ ಮಾತೇ.

ಬಂಧುಗಳೇ, ನಮ್ಮೂರಿನಿಂದ ಹೊಳಲ್ಕೆರೆಗೂ ಹೊಸದುರ್ಗಕ್ಕೂ ಹೆಚ್ಚುಕಮ್ಮಿ ಒಂದೇ ದೂರ. ರಾತ್ರಿ ಹೊತ್ತು ಎರಡೂ ದೂರವೇ. ಹಿರಿಯೂರಿನ ಕಡೆಯ ನಮ್ಮ ನೆಂಟರದೂ ಇದೇ ಕಥೆ. ಅದಕ್ಕೇ ಹತ್ತಿರದ ಆಸ್ಪತ್ರೆಯನ್ನು ಬೈದು ಬಿಡದೆ ನಮ್ಮದೆಂದು ನಡೆಸಿಕೊಳ್ಳಬೇಕು.

ಆ ಹಿರಿಯರು ಈಗಲೂ ಇದ್ದಾರೆ. ಇವತ್ತು ಮುಂದಿನ ಸಾಲಿನಲ್ಲೇ ಕುಂತಿದ್ದಾರೆ. ಬಲಗೈ ಎತ್ತಲಾಗುವುದಿಲ್ಲ. ಅವರ ವಿಷಯ ಹೇಳಲು ಅವರನ್ನೇ ಕೇಳಿದೆವು. "ಹೇಳಪ್ಪಾ, ಇನ್ನೊಬ್ಬನ ಕ್ಯಾನು ಜಾರಬಾರದು" ಎಂದರು.

ಮಹಾಸಭೆಯಲ್ಲಿ ಪ್ರತಿ ವರ್ಷ ಎಷ್ಟು ಲೀಟರು ಹಾಲು, ಎಷ್ಟು ಲಾಭ, ಎಷ್ಟು ಬೋನಸ್ಸು ಎಂದು ಓದುತ್ತೇವೆ. ಮುಂದಿನ ವರ್ಷದಿಂದ ಹೆಸರು ಹೇಳದೆ ಇನ್ನೊಂದು ಸಾಲು ಓದೋಣ: ಬಿಪಿ ಇದ್ದವರು ನಮ್ಮಲ್ಲಿ ಎಷ್ಟು ಜನ, ಹತೋಟಿಯಲ್ಲಿರುವವರು ಎಷ್ಟು ಜನ. ಆ ಸಾಲು ಕೇಳಿದ ಮೇಲೆ ಬೋನಸ್ಸಿಗೆ ಚಪ್ಪಾಳೆ ತಟ್ಟೋಣ.

 ಜೈ ಸಹಕಾರ.