ಒಳಗಿನ ಮಾತು, ಆಟದ ಕಲಿಕೆ



ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ತರಬೇತುದಾರರ ಕಣ್ಣೆದುರು ಅಭ್ಯಾಸ ಮಾಡುವ ಹುಡುಗನಿಗೆ, ತಪ್ಪಿದ ಕೂಡಲೇ ತಿದ್ದುವವರು ಇರುತ್ತಾರೆ. ಹುಮನಾಬಾದ್ ರಸ್ತೆಯಲ್ಲಿರುವ ಕಮಲಾಪುರದ ಬಯಲಿನಲ್ಲಿ ಒಬ್ಬಳೇ ವಾಲಿಬಾಲ್ ಸರ್ವ್ ಕಲಿಯುತ್ತಿರುವ ಹುಡುಗಿಯೊಬ್ಬಳನ್ನು ಈಗ ಊಹಿಸಿಕೊಳ್ಳಿ. ಚೆಂಡು ಮೂರನೆಯ ಸಲವೂ ಬಲೆಗೆ ಬಿತ್ತು. ಸುತ್ತ ಯಾರೂ ಇಲ್ಲ. ಆದರೂ ಅವಳಿಗೆ ಒಂದು ಮಾತು ಕೇಳಿಸಿತು: "ನನ್ನಿಂದ ಆಗಂಗಿಲ್ಲ." ಆಡಿದವಳು ಅವಳೇ.

ಹೀಗೆ ನಮ್ಮೊಡನೆ ನಾವೇ ಆಡಿಕೊಳ್ಳುವ ಮಾತನ್ನು ಸ್ವಗತ ಎನ್ನಬಹುದು. ಚಿಕ್ಕ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ತಾವೇ ಮಾತನಾಡಿಕೊಳ್ಳುವುದನ್ನು ನೀವು ಕಂಡಿದ್ದೀರಿ. ಮಗು ಆ ಮಾತಿನಿಂದ ತನ್ನ ಕೆಲಸವನ್ನು ತಾನೇ ನಡೆಸಿಕೊಳ್ಳುತ್ತದೆ, ಬೆಳೆದಂತೆ ಅದೇ ಒಳಮಾತಾಗುತ್ತದೆ ಎಂದು ರಷ್ಯದ ಮನೋವಿಜ್ಞಾನಿ ವೈಗೋಟ್‌ಸ್ಕಿ (1896-1934) ವಿವರಿಸಿದರು. ಒಳಮಾತು ಹೇಗೂ ಇದ್ದೇ ಇರುತ್ತದೆ. ಅದರ ಪದಗಳನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಕ್ರೀಡೆಯಲ್ಲಿ ಇದು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸೂಚನೆಯ ಮಾತು: "ಎತ್ತು, ನೋಡು, ಹೊಡಿ." ಎರಡನೆಯದು ಹುರುಪಿನ ಮಾತು: "ಇನ್ನೊಂದೇ ಸುತ್ತು, ಓಡು." ಗ್ರೀಸ್ ದೇಶದ ಥೆಸಲಿ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ 32 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸ್ವಗತದಿಂದ ಆಟ ಸುಧಾರಿಸುತ್ತದೆ, ನಿಖರತೆ ಬೇಕಾದ ಕೌಶಲಗಳಲ್ಲಿ ಹುರುಪಿನ ಮಾತಿಗಿಂತ ಸೂಚನೆಯ ಮಾತು ಹೆಚ್ಚು ಫಲಕಾರಿ, ಹೊಸದಾಗಿ ಕಲಿಯುವಾಗ ಲಾಭ ಇನ್ನೂ ಹೆಚ್ಚು ಎಂದು ಅವರು ಕಂಡುಕೊಂಡರು. ಕಾರಣ ಸರಳ. ಚದುರಿದ ಗಮನವನ್ನು ಆ ಒಂದು ಪದ ಮಾಡಬೇಕಾದ ಕೆಲಸದ ಮೇಲೆ ನಿಲ್ಲಿಸುತ್ತದೆ.

ಇದನ್ನು ರೂಢಿಸಿಕೊಳ್ಳುವುದು ಹೇಗೆ? ನಿಮ್ಮ ದೈಹಿಕ ಶಿಕ್ಷಕರು ಸಿಕ್ಕಾಗ, ಯಾವ ತಪ್ಪನ್ನು ಮೊದಲು ತಿದ್ದಬೇಕೆಂದು ಕೇಳಿ. ಆ ಒಂದಕ್ಕೇ ಎರಡು ಮೂರು ಪದ ಗೊತ್ತುಮಾಡಿಕೊಳ್ಳಿ. ಪದ ನಿಮ್ಮ ಮನೆಮಾತಿನದಾಗಿರಲಿ. "ಬಲೆಗೆ ಹೊಡೀಬ್ಯಾಡ" ಎಂದರೆ ಮನಸ್ಸು ಬಲೆಯತ್ತಲೇ ಹೋಗುತ್ತದೆ. ಆದ್ದರಿಂದ ಮಾಡಬಾರದ್ದನ್ನು ಬಿಟ್ಟು, ಮಾಡಬೇಕಾದುದನ್ನು ಹೇಳಿಕೊಳ್ಳಿ. ಮೊದಲು ಗಟ್ಟಿಯಾಗಿ, ಬಳಿಕ ಪಿಸುಮಾತಿನಲ್ಲಿ, ಕೊನೆಗೆ ಮನಸ್ಸಿನಲ್ಲೇ. ಅಭ್ಯಾಸದಲ್ಲಿ ಆಡದ ಮಾತು ಪಂದ್ಯದ ದಿನ ನೆರವಿಗೆ ಬರುವುದಿಲ್ಲ. ಕೈ ಪಳಗಿದ ಮೇಲೆ ಪದಗಳನ್ನು ಕಡಿಮೆ ಮಾಡಿ.

ಇದು ಮಂತ್ರವಲ್ಲ. ನೂರು ಸರ್ವ್‌ಗಳ ಬದಲಿಗೆ ಒಂದು ಪದ ನಿಲ್ಲಲಾರದು. ಮೈದಾನ, ಚೆಂಡು, ಶಿಕ್ಷಕರು ಇವೆಲ್ಲ ಕಮಲಾಪುರದ ಆ ಹುಡುಗಿಗೂ ಬೇಕು. ಆದರೆ ಶಿಕ್ಷಕರು ವಾರಕ್ಕೊಮ್ಮೆ ಮಾತ್ರ ಸಿಗುವವಳಿಗೆ, ಅವರು ಕೊಟ್ಟ ಮೂರು ಪದಗಳು ಉಳಿದ ಆರು ದಿನವೂ ಜೊತೆಗಿರುತ್ತವೆ. ನಾಳೆ ಚೆಂಡು ಮತ್ತೆ ಬಲೆಗೆ ಬಿದ್ದೀತು. ಆಗ ಅವಳು "ಆಗಂಗಿಲ್ಲ" ಎನ್ನದೆ "ಎತ್ತು, ನೋಡು, ಹೊಡಿ" ಎಂದರೆ, ಅಲ್ಲಿಂದಲೇ ಕಲಿಕೆ ಮುಂದುವರಿಯುತ್ತದೆ.