ತಾಯಿಯ ಶಂಕೆಗೆ ಮೊದಲ ಮನ್ನಣೆ



ಅಂಗವೈಕಲ್ಯವನ್ನು ಕುರಿತು ಗದಗಿನಲ್ಲಿ ಮಾತನಾಡ ಹೊರಟವರು ವೀರೇಶ್ವರ ಪುಣ್ಯಾಶ್ರಮವನ್ನು ಸ್ಮರಿಸದೆ ಮುಂದುವರಿಯಲಾಗದು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ತರುವಾಯ ಪುಟ್ಟರಾಜ ಗವಾಯಿಗಳೂ ದೃಷ್ಟಿಹೀನ ಮಕ್ಕಳಿಗೆ ಅನ್ನದೊಡನೆ ಸಂಗೀತವಿದ್ಯೆಯನ್ನಿತ್ತು, ಅವರು ಸ್ವಾಭಿಮಾನದಿಂದ ಬಾಳುವಂತೆ ಮಾಡಿದ ಪುಣ್ಯಭೂಮಿ ಇದು. ಅಂಧತ್ವವಾದರೋ ನೋಡುವವರಿಗೆ ಗೋಚರವಾಗುವಂಥದು. ಆಟಿಸಂ ಅಥವಾ ಸ್ವಲೀನತೆಯೆಂಬ ಸ್ಥಿತಿ ಶಿಶುವಿನ ಮುಖವನ್ನು ಕಂಡೊಡನೆ ತಿಳಿಯುವಂಥದಲ್ಲ. ಕೂಸು ನಡೆಯುತ್ತದೆ, ನಗುತ್ತದೆ, ತೂಕವೂ ಸರಿಯಾಗಿರುತ್ತದೆ. ಆದರೆ ಹೆಸರು ಹಿಡಿದು ಕರೆದರೆ ತಿರುಗದು, ಒಂದೂವರೆ ವರ್ಷ ತುಂಬಿದರೂ ಬೇಕಾದುದನ್ನು ಬೆರಳಿನಿಂದ ತೋರಿಸದು, ಹಾರುವ ಹಕ್ಕಿಯನ್ನು ಕಂಡ ಸಂತೋಷವನ್ನು ತಾಯಿಯ ಮುಖ ನೋಡಿ ಹಂಚಿಕೊಳ್ಳದು, ಕಲಿತಿದ್ದ ನಾಲ್ಕು ಮಾತುಗಳನ್ನೂ ಕೆಲವೊಮ್ಮೆ ಮರೆತುಬಿಡುತ್ತದೆ.

ಇದನ್ನು ಸಾಮಾನ್ಯವಾಗಿ ಮೊದಲು ಗುರುತಿಸುವವಳು ತಾಯಿ. ಆಕೆ ಬಾಯಿಬಿಟ್ಟೊಡನೆ, “ಗಂಡು ಹುಡುಗರು ತಡಾ ಮಾತಾಡ್ತಾವ, ಇವರಪ್ಪನೂ ಹಂಗ ಇದ್ದ, ಚಿಂತಿ ಮಾಡಬ್ಯಾಡ” ಎಂದು ಹಿರಿಯರು ಸಮಾಧಾನ ಹೇಳುವರು. “ಮೂರು ವರ್ಷ ತುಂಬಲಿ, ನೋಡೋಣ” ಎಂದು ವೈದ್ಯರೂ ಕೆಲವೊಮ್ಮೆ ಹೇಳಿ ಕಳುಹಿಸುವರು. ಹೀಗೆ ಶಿಶುವಿನ ಮೆದುಳು ಅತ್ಯಂತ ತ್ವರಿತವಾಗಿ ಬೆಳೆಯುವ ಕಾಲವೇ ಕಾಯುವುದರಲ್ಲಿ ವ್ಯಯವಾಗುತ್ತದೆ. ರೋಗನಿರ್ಣಯವಾಗುವವರೆಗೂ ನೆರವು ಕಾಯಬೇಕಾಗಿಲ್ಲ, ತಾಯಿ ತನ್ನ ಶಂಕೆಯನ್ನು ನುಡಿದ ದಿನವೇ ಅದು ಆರಂಭವಾಗತಕ್ಕದ್ದು ಎಂಬುದೇ ಈ ಸಂಕಿರಣದ ಮುಂದೆ ನಾನಿಡಬಯಸುವ ಆಶಯ.

ನಿರ್ಣಯ ಬೇಡವೆಂದು ಇದರ ಅರ್ಥವಲ್ಲ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಮನ್ನಿಸಿರುವ 21 ವೈಕಲ್ಯಗಳಲ್ಲಿ ಸ್ವಲೀನತೆಯೂ ಒಂದು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದನ್ವಯ ಸ್ಥಾಪಿತವಾದ ನ್ಯಾಸದ ‘ನಿರಾಮಯ’ ಯೋಜನೆಯು ಒಂದು ಲಕ್ಷ ರೂಪಾಯಿಯವರೆಗಿನ ಆರೋಗ್ಯವಿಮೆಯನ್ನೊದಗಿಸುತ್ತದೆ. ಇವೆಲ್ಲಕ್ಕೂ ಪ್ರಮಾಣಪತ್ರ ಅವಶ್ಯಕ. ಆದರೆ ಅದನ್ನರಸಿ ಮುಂಡರಗಿ ಸೀಮೆಯ ಕೂಲಿಕಾರ ದಂಪತಿಗಳು ಗದಗಕ್ಕೂ ಅಲ್ಲಿಂದ ಹುಬ್ಬಳ್ಳಿ-ಧಾರವಾಡಗಳಿಗೂ ಅಲೆಯುವಾಗ ಇಬ್ಬರ ದಿನಗೂಲಿಯೂ ಹೋಗುತ್ತದೆ. ಬೆಟಗೇರಿಯ ನೇಕಾರನ ಮನೆಯಲ್ಲಿ ಅಂದು ಮಗ್ಗ ನಿಲ್ಲುತ್ತದೆ. ಮಗುವಿನ ನೋಟ ಹೋದತ್ತ ತಾನೂ ನೋಡುವುದು, ಅದರ ಆಟವನ್ನು ತಾನೂ ಆಡುವುದು, ಒಂದು ಮಾತನಾಡಿ ಉತ್ತರಕ್ಕಾಗಿ ತಾಳ್ಮೆಯಿಂದ ಕಾಯುವುದು—ಇವನ್ನು ಪ್ರಮಾಣಪತ್ರಕ್ಕೆ ಕಾಯದೆ ಮನೆಯಂಗಳದಲ್ಲಿಯೇ ಪಾಲಕರಿಗೆ ಕಲಿಸಬಹುದು. ಮುಂದೆ ಆಟಿಸಂ ಅಲ್ಲವೆಂದು ತಿಳಿದರೂ ಇದರಿಂದ ಮಗುವಿಗೆ ನಷ್ಟವೇನೂ ಇಲ್ಲ.

ತಜ್ಞರಲ್ಲದವರು ಇದನ್ನು ಕಲಿಸಬಲ್ಲರೇ ಎಂಬ ಸಂದೇಹಕ್ಕೆ ನೆರೆಯ ಗೋವೆಯೇ ಸಮಾಧಾನ ಹೇಳಿದೆ. ಅಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 65 ಮಕ್ಕಳ ಕುಟುಂಬಗಳೊಡನೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು ತಾಯಿಮಕ್ಕಳ ಆಟವನ್ನು ವಿಡಿಯೋದಲ್ಲಿ ಹಿಡಿದು, ಅದನ್ನೇ ತಾಯಂದಿರಿಗೆ ತೋರಿಸಿ ಮಾರ್ಗದರ್ಶನ ನೀಡಲಾಗಿ, ತಾಯಂದಿರ ಸ್ಪಂದನವೂ ಮಕ್ಕಳು ತಾವಾಗಿಯೇ ಸಂವಹನಕ್ಕೆ ತೊಡಗುವ ಪ್ರವೃತ್ತಿಯೂ ವರ್ಧಿಸಿದವು. ಅಧ್ಯಯನ ಚಿಕ್ಕದಾದರೂ ದಿಕ್ಕನ್ನು ತೋರಿಸುವಷ್ಟು ಸ್ಪಷ್ಟವಾಗಿದೆ.

ತಾಯಿಯ ಶಂಕೆಯನ್ನು ಬೇಗನೆ ಕೇಳಿ ತಿಳಿಯಲು ನಮ್ಮಲ್ಲಿ ಒಂದು ಪ್ರಶಸ್ತ ಸಂದರ್ಭವೂ ಉಂಟು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ತಂಡಗಳು ಅಂಗನವಾಡಿಗೆ ಬರುವುದು ವರ್ಷಕ್ಕೆ ಎರಡು ಬಾರಿ. ಮೂರು ತುಂಬದ ಕೂಸು ಅಂದು ಅಲ್ಲಿ ಇರುವುದೇ ಅಪರೂಪ. ಆದರೆ 16ರಿಂದ 24ನೆಯ ತಿಂಗಳೊಳಗೆ ಲಸಿಕೆಗೆಂದು ತಾಯಿಯೇ ಅದನ್ನು ಎತ್ತಿಕೊಂಡು ಬರುತ್ತಾಳೆ. 20 ಪ್ರಶ್ನೆಗಳ ಸುಪ್ರಸಿದ್ಧ ಆಟಿಸಂ ತಪಾಸಣಾ ಪಟ್ಟಿ ರಚಿತವಾಗಿರುವುದೂ 16ರಿಂದ 30 ತಿಂಗಳ ಮಕ್ಕಳಿಗಾಗಿಯೇ. ಆ ದಿನ ಆಕೆಯನ್ನು ಕೂರಿಸಿಕೊಂಡು ಸಾವಧಾನದಿಂದ ಪ್ರಶ್ನಿಸಿದರೆ ಸಾಕು. ಲಕ್ಷಣಗಳು ವ್ಯಕ್ತವಾಗುವುದೂ ಅದೇ ವಯಸ್ಸಿನಲ್ಲಿಯಾದ್ದರಿಂದ ಲಸಿಕೆಯೇ ಕಾರಣವೆಂಬ ಭ್ರಮೆ ಹುಟ್ಟುವುದುಂಟು. ಅದಕ್ಕೆ ಮೂಲವಾದ 1998ರ ಲೇಖನವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತೆಂಬುದನ್ನು ಜನರಿಗೆ ತಿಳಿಸುವ ಹೊಣೆಯೂ ನಮ್ಮದೇ.

ತಾಯಿಯ ಮೇಲಣ ಆರೋಪವಂತೂ ಆಟಿಸಂನ ಅಧ್ಯಯನದಷ್ಟೇ ಹಳೆಯದು. 1943ರಲ್ಲಿ ಮನೋವೈದ್ಯ ಲಿಯೊ ಕ್ಯಾನರ್ ಇಂಥ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದ ತರುವಾಯ, ಹೆತ್ತವರ ಶೀತಲ ಸ್ವಭಾವವೇ ಈ ಸ್ಥಿತಿಗೆ ಕಾರಣವೆಂಬ ವಾದವು ಎರಡು ದಶಕ ಮೆರೆಯಿತು. 1964ರಲ್ಲಿ ಅದನ್ನು ಖಂಡಿಸಿ ಗ್ರಂಥ ಬರೆದ ಬರ್ನಾರ್ಡ್ ರಿಮ್‌ಲ್ಯಾಂಡ್ ಅಂಥದೇ ಮಗುವಿನ ತಂದೆ. ಇಂದು ನಮ್ಮ ಓಣಿಗಳಲ್ಲಿ ಅದೇ ಆರೋಪ, ಬಸುರಿಯಾಗಿದ್ದಾಗ ಗ್ರಹಣ ನೋಡಿದಳೆಂದೋ ಮೊಬೈಲು ಕೊಟ್ಟು ಕೆಡಿಸಿದಳೆಂದೋ ಸೊಸೆಯ ಮೇಲೆ ಬೀಳುತ್ತಿದೆ. ಆಕೆಯನ್ನು ಈ ಅಪವಾದದಿಂದ ಬಿಡಿಸುವುದೂ ಚಿಕಿತ್ಸೆಯ ಅಂಗವೇ. ಅತ್ತೆಯನ್ನೂ ಗಂಡನನ್ನೂ ಕೂರಿಸಿಕೊಂಡು ಮಾತನಾಡದೆ ಅದು ಸಾಧ್ಯವಾಗದು.

1905ರಲ್ಲಿ ಇಲ್ಲಿಯೇ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರ ನೇತೃತ್ವದಲ್ಲಿ ರೈತರು ಸಹಕಾರ ಸಂಘ ಕಟ್ಟಿದರು. ಒಬ್ಬೊಬ್ಬನಿಗೆ ದುಸ್ತರವಾದುದು ಕೂಡಿದವರಿಗೆ ಸಾಧ್ಯವೆಂಬ ತತ್ತ್ವ ಈ ನಾಡಿಗೆ ಹೊಸದಲ್ಲ. ತಾಲೂಕಿಗೊಂದು ಪಾಲಕರ ಬಳಗ, ಲಸಿಕೆಯ ದಿನದ ವಿಚಾರಣೆ, ಮನೆಗೇ ಹೋಗಿ ಕಲಿಸುವ ಕಾರ್ಯಕರ್ತೆಯರ ತರಬೇತಿ—ಈ ಮೂರನ್ನೂ ಕುರಿತು ಇಂದಿನ ಗೋಷ್ಠಿಗಳು ಕಾರ್ಯಸಾಧ್ಯವಾದ ನಿರ್ಣಯಗಳನ್ನು ಕೈಗೊಳ್ಳಲಿ. ಶಿರಹಟ್ಟಿಯ ಒಬ್ಬ ತಾಯಿ ತನ್ನ ಶಂಕೆಯನ್ನು ಹೇಳಿಕೊಂಡ ದಿನಕ್ಕೂ ಆಕೆಯ ಮನೆಬಾಗಿಲಿಗೆ ನೆರವು ತಲುಪಿದ ದಿನಕ್ಕೂ ನಡುವಣ ಅಂತರ ಎಷ್ಟು ಕಡಿಮೆಯಾಯಿತೆಂಬುದರಿಂದಲೇ ಮುಂದಿನ ವರ್ಷ ನಮ್ಮ ಸಾಧನೆಯನ್ನು ಅಳೆದುಕೊಳ್ಳೋಣ.