ಬಾನುಲಿಯಿಂದ ಬಂದ ನಗೆಗಾರ್ತಿ

ಬಾನುಲಿಯ ನಟಿಗೆ ಮುಖವಿಲ್ಲ, ಕೈಕಾಲಿಲ್ಲ, ಇರುವುದು ಕಂಠವೊಂದೇ. ಮನೆಯ ರೇಡಿಯೋ ಪೆಟ್ಟಿಗೆಯ ಮುಂದೆ ಕುಳಿತು ನಾಟಕ ಕೇಳುವ ನಿಮಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅಂಥ ಬಾನುಲಿಯಲ್ಲಿ ಪಳಗಿ, ಅಲ್ಲಿಂದ ಟೆಲಿವಿಷನ್ನಿಗೆ ಹೋಗಿ, ಕಡೆಗೆ ಒಂದು ದೊಡ್ಡ ಸ್ಟುಡಿಯೋಗೇ ಒಡತಿಯಾದವರು ಅಮೆರಿಕದ ನಟಿ ಲೂಸಿಲ್ ಬಾಲ್. ಆಕೆ ಜನರನ್ನು ನಗಿಸಿದ್ದು ಎಲ್ಲರಿಗೂ ಗೊತ್ತು. ತಾನು ದುಡಿದದ್ದು ತನ್ನ ಕೈ ಬಿಟ್ಟುಹೋಗದಂತೆ ನೋಡಿಕೊಂಡ ಬಗೆ ನನಗೆ ಅದಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ.

ಲೂಸಿಲ್ ಹುಟ್ಟಿದ್ದು 1911ರ ಆಗಸ್ಟ್ 6ರಂದು, ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನ್ ಎಂಬ ಊರಿನಲ್ಲಿ. ಮೂರು ವರ್ಷದ ಮಗುವಾಗಿದ್ದಾಗಲೇ ತಂದೆ ತೀರಿಕೊಂಡರು. ಹದಿಹರೆಯದಲ್ಲಿ ನಾಟಕ ಶಾಲೆಗೆ ಸೇರಿದರೆ, ಈ ಹುಡುಗಿಗೆ ಹಣ ಸುರಿಯುವುದು ದಂಡವೆಂದು ಶಾಲೆಯವರು ತಾಯಿಗೆ ತಿಳಿಸಿದರು. ರೂಪದರ್ಶಿಯಾಗಿ ಕೆಲಸ ಮಾಡುತ್ತಿದ್ದವರು 1933ರಲ್ಲಿ ಹಾಲಿವುಡ್ ಸೇರಿದರು. ಆರ್‌ಕೆಓ ಸ್ಟುಡಿಯೋದ ಸಂಬಳಕ್ಕೆ ದುಡಿದರು. 1937ರ ‘ಸ್ಟೇಜ್ ಡೋರ್’ ಚಿತ್ರದಲ್ಲಿ ಜನರ ಕಣ್ಣಿಗೆ ಬಿದ್ದರೂ, ಅಲ್ಪ ವೆಚ್ಚದ ಚಿತ್ರಗಳ ರಾಣಿ ಎಂಬ ಹೆಸರು ಮಾತ್ರ ಹೋಗಲಿಲ್ಲ. 1940ರಲ್ಲಿ ಕ್ಯೂಬಾ ದೇಶದ ಸಂಗೀತಗಾರ ಡೇಸಿ ಆರ್ನಾಜ್ ಅವರನ್ನು ಮದುವೆಯಾದರು.

ಅದೃಷ್ಟ ಖುಲಾಯಿಸಿದ್ದು 1948ರಲ್ಲಿ, ಬಾನುಲಿಯಿಂದ. ಸಿಬಿಎಸ್ ಸಂಸ್ಥೆಯ ‘ಮೈ ಫೇವರಿಟ್ ಹಸ್ಬೆಂಡ್’ ಎಂಬ ಹಾಸ್ಯಮಾಲೆಯಲ್ಲಿ ಆಕೆ ಹೆಂಡತಿಯ ಪಾತ್ರ ವಹಿಸಿದರು. ಸ್ಟುಡಿಯೋದಲ್ಲಿ ಪ್ರೇಕ್ಷಕರೂ ಇರುತ್ತಿದ್ದರು. ಅವರನ್ನು ಕಂಡರೆ ಲೂಸಿಲ್‌ಗೆ ಹುರುಪು. ಕೈಯಲ್ಲಿ ಬರೆದ ಮಾತಿದ್ದರೂ ಮುಖ, ಕಣ್ಣು, ತೋಳು ಸುಮ್ಮನಿರುತ್ತಿರಲಿಲ್ಲ. ಮನೆಯಲ್ಲಿ ಕೇಳುತ್ತಿದ್ದವರ ಪಾಲಿಗೆ ಬಂದದ್ದು ಎದುರಿದ್ದವರ ನಗೆ ಮಾತ್ರ!

ಈ ಮಾಲೆಯನ್ನು ಟೆಲಿವಿಷನ್ನಿಗೆ ತರಬೇಕೆಂದು ಸಿಬಿಎಸ್‌ನವರು ಕೇಳಿದಾಗ, ಗಂಡನ ಪಾತ್ರಕ್ಕೆ ನನ್ನ ಗಂಡನೇ ಬೇಕೆಂದು ಲೂಸಿಲ್ ಪಟ್ಟು ಹಿಡಿದರು. ಕ್ಯೂಬಾದವನನ್ನು ಅಮೆರಿಕದ ಹೆಣ್ಣಿನ ಗಂಡನೆಂದು ಜನ ಒಪ್ಪಲಾರರೆಂದು ಸಂಸ್ಥೆ ಹಿಂಜರಿಯಿತು. ದಂಪತಿಗಳು ವಾದಕ್ಕೆ ನಿಲ್ಲಲಿಲ್ಲ. 1950ರಲ್ಲಿ ಊರೂರು ತಿರುಗಿ ರಂಗದ ಮೇಲೆ ಜೊತೆಯಾಗಿ ಆಡಿ ತೋರಿಸಿದರು. ಜನ ಒಪ್ಪಿದರು.

‘ಐ ಲವ್ ಲೂಸಿ’ 1951ರ ಅಕ್ಟೋಬರ್ 15ರಂದು ಪ್ರಾರಂಭವಾಯಿತು. ಆಗ ಲೂಸಿಲ್‌ಗೆ ನಲವತ್ತು ವಯಸ್ಸು. ಆ ಕಾಲದಲ್ಲಿ ಇಂಥ ಕಾರ್ಯಕ್ರಮಗಳನ್ನು ಹೆಚ್ಚಾಗಿ ನ್ಯೂಯಾರ್ಕಿನಲ್ಲಿ ಆಡಿ, ಆಡಿದ ಹಾಗೆಯೇ ಬಿತ್ತರಿಸುತ್ತಿದ್ದರು. ದೂರದ ಊರುಗಳಿಗೆ ಪರದೆಯಿಂದ ಇಳಿಸಿದ ಮಸುಕು ಪ್ರತಿ. ದಂಪತಿಗಳಿಗೆ ಕ್ಯಾಲಿಫೋರ್ನಿಯಾ ಬಿಡಲು ಇಷ್ಟವಿಲ್ಲ. ಹಾಗಾದರೆ ಸಿನಿಮಾ ಫಿಲ್ಮಿನಲ್ಲಿಯೇ ತೆಗೆಯೋಣ ಎಂದರು. ಖರ್ಚು ಹೆಚ್ಚೆಂಬ ತಕರಾರು ಬಂದಾಗ, ವಾರಕ್ಕೆ 1000 ಡಾಲರ್ ಕಡಿಮೆ ಸಂಭಾವನೆಗೆ ಒಪ್ಪಿದರು. ಬದಲಿಗೆ ಫಿಲ್ಮಿನ ಒಡೆತನ ತಮ್ಮ ‘ಡೆಸಿಲು’ ಕಂಪನಿಗೆ ಇರಲೆಂದು ಕೇಳಿದರು. ಒಮ್ಮೆ ಬಿತ್ತರವಾದದ್ದನ್ನು ಮತ್ತೆ ಯಾರು ನೋಡುತ್ತಾರೆ ಎಂಬ ಕಾಲ ಅದು. ಒಪ್ಪಂದವಾಯಿತು.

ಪ್ರೇಕ್ಷಕರ ಎದುರಿನಲ್ಲಿಯೇ, ನಾಟಕದಂತೆ ದೃಶ್ಯವನ್ನು ತಡೆಯಿಲ್ಲದೆ ಆಡುವುದು. ಮೂರು ಕ್ಯಾಮೆರಾಗಳು ಒಟ್ಟಿಗೆ ಹಿಡಿಯುವುದು. ಇದಕ್ಕೆ ಬೆಳಕು ಹೊಂದಿಸಿದವರು ಜರ್ಮನಿಯ ‘ಮೆಟ್ರೊಪೊಲಿಸ್’ ಚಿತ್ರದಲ್ಲಿ ಕೆಲಸ ಮಾಡಿದ್ದ ಕಾರ್ಲ್ ಫ್ರಾಯಿಂಡ್. ಬಾನುಲಿಯಲ್ಲಿ ಕಾಣದೆ ಹೋದ ಆ ಮುಖಭಾವ ಈಗ ಮನೆಮನೆಗೆ ಮುಟ್ಟಿತು.

ಲೂಸಿಲ್ ಮತ್ತೆ ಗರ್ಭಿಣಿಯಾದಾಗ ಅದನ್ನು ಕಥೆಯಲ್ಲಿಯೇ ಸೇರಿಸಿದರು. ‘ಗರ್ಭಿಣಿ’ ಎಂಬ ಮಾತನ್ನು ಮಾತ್ರ ಆಡುವಂತಿರಲಿಲ್ಲ! 1953ರ ಜನವರಿ 19ರಂದು ಬೆಳಗ್ಗೆ ಆಕೆಗೆ ಗಂಡುಮಗು ಹುಟ್ಟಿತು. ಅದೇ ರಾತ್ರಿ ಕಥೆಯ ಲೂಸಿಗೂ ಹುಟ್ಟಿತು. ನೋಡಿದವರು ಸುಮಾರು 4 ಕೋಟಿ 40 ಲಕ್ಷ ಜನ. ಬಾಣಂತನದ ವಿಶ್ರಾಂತಿಯ ಕಾಲಕ್ಕೆ ಫಿಲ್ಮು ನೆರವಾಯಿತು: ಹಳೆಯ ಕಂತುಗಳನ್ನೇ ಮತ್ತೆ ತೋರಿಸಿದರು, ಜನ ಮತ್ತೆ ನೋಡಿದರು.

ಮುಂದೆ ಆ ಕಂತುಗಳ ಹಕ್ಕನ್ನು ಸಿಬಿಎಸ್ ಸಂಸ್ಥೆಯೇ ದೊಡ್ಡ ಮೊತ್ತ ಕೊಟ್ಟು ಕೊಂಡಿತು. 1957ರಲ್ಲಿ ಡೆಸಿಲು ಆರ್‌ಕೆಓ ಸ್ಟುಡಿಯೋವನ್ನು ಕೊಂಡಿತು. ಲೂಸಿಲ್ ಸಂಬಳಕ್ಕಿದ್ದ ಅದೇ ಆರ್‌ಕೆಓ! ಸಂಸಾರ ಮಾತ್ರ ಉಳಿಯಲಿಲ್ಲ. 1960ರಲ್ಲಿ ವಿಚ್ಛೇದನ, 1962ರಲ್ಲಿ ಡೇಸಿಯ ಪಾಲನ್ನು ಕೊಂಡು ಆಕೆಯೇ ಕಂಪನಿಯ ಅಧ್ಯಕ್ಷೆಯಾದರು. ‘ಸ್ಟಾರ್ ಟ್ರೆಕ್’ ಸಿದ್ಧವಾದದ್ದು ಆ ಆಡಳಿತದಲ್ಲಿಯೇ. 1967ರಲ್ಲಿ ಕಂಪನಿಯನ್ನು ಮಾರಿದರು. ಆಕೆ ತೀರಿಕೊಂಡದ್ದು 1989ರ ಏಪ್ರಿಲ್ 26ರಂದು.

ಫಿಲ್ಮು ಇದೆ. ಚಾಕೊಲೇಟ್ ಕಾರ್ಖಾನೆಯ ಕಂತನ್ನು ನೀವೂ ನೋಡಬಹುದು. ಮಿಠಾಯಿ ಸಾಗಿಬರುವ ಪಟ್ಟಿಯ ವೇಗ ಏರುತ್ತದೆ. ಕಟ್ಟಲು ಕೈ ಸಾಲದೆ ಲೂಸಿ ಅದನ್ನು ಬಾಯಿಗೆ, ಟೋಪಿಗೆ, ಅಂಗಿಯೊಳಕ್ಕೆ ತುರುಕುತ್ತಾಳೆ. ಇಂಗ್ಲಿಷ್ ಬಾರದ ಅಜ್ಜಿಯನ್ನೂ ಜೊತೆಗೆ ಕೂರಿಸಿಕೊಳ್ಳಿ.